ರೊಟ್ಟಿ ತಿಂದು ಸತ್ತ ಮರಿ

ಸತ್ತ ನಾಯಿಮರಿಯನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಬಂದವರನ್ನು ಆತ ಮೊದಲು ಕುರ್ಚಿಯ ಮೇಲೆ ಕೂಡಿಸುತ್ತಿದ್ದ. ಕುಡಿಯಲು ನೀರು ಕೊಡುತ್ತಿದ್ದ. ಚೀಲದ ಬಾಯಿ ಸರಿಸಿ ಒಳಗೆ ನೋಡಿ, ಮತ್ತೆ ಮುಚ್ಚಿ, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆಮೇಲೆ ಸಂತಾಪ ಹೇಳುವವರ ದನಿಯಲ್ಲಿ ಕೇಳುತ್ತಿದ್ದ: “ಏನ್ ತಿನ್ನಿಸಿದ್ರಿ?”

ಬಂದವರು ಏನು ಹೇಳಿದರೂ ಅದೇ ಸಾವಿನ ಕಾರಣವಾಗುತ್ತಿತ್ತು.

ಆತ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡುವುದು ರೂಢಿ. ಆಡಬೇಕಾದ ಒಳ್ಳೆಯದನ್ನು ಸಿಂಧನೂರಿನ ಮಂದಿ ಈಗಾಗಲೇ ಆಡಿ ಮುಗಿಸಿದ್ದಾರೆ. ಅವರು ಬಿಟ್ಟದ್ದನ್ನು ನಾನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಗೊತ್ತಿದ್ದವರಿಗೆ ಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಸಿಂಧನೂರಿನಲ್ಲಿ, ಮಸ್ಕಿಗೆ ಹೋಗುವ ಬಸ್ಸುಗಳು ನಿಧಾನವಾಗುವ ಜಾಗದಲ್ಲಿ ಆತನ ಅಂಗಡಿ. ಮುಂಭಾಗದಲ್ಲಿ ನಾಯಿಗಳ ಬೆಲ್ಟು, ಚೈನುಗಳನ್ನು ತೋರಣದ ಹಾಗೆ ಇಳಿಬಿಟ್ಟಿರುತ್ತಿದ್ದ. ಒಂದು ಬದಿಗೆ ಆಹಾರದ ಚೀಲಗಳು, ಇನ್ನೊಂದು ಬದಿಗೆ ಮೀನಿನ ಗಾಜಿನ ಪೆಟ್ಟಿಗೆಗಳು. ಹಿಂದೆ, ಬೆಳಕು ಕಡಿಮೆ ಇರುವ ಕಡೆ, ಪಂಜರಗಳು. ಲವ್ ಬರ್ಡ್ಸ್, ಮೊಲ, ಬಿಳಿ ಇಲಿ, ನಾಯಿಮರಿ. ಮರಿಗಳು ಎಲ್ಲಿಂದ ಬರುತ್ತವೆ ಎಂದು ಯಾರಾದರೂ ಕೇಳಿದರೆ “ಮ್ಯಾಲಿಂದ” ಎನ್ನುತ್ತಿದ್ದ. ಮ್ಯಾಲೆ ಎಂದರೆ ಹೈದರಾಬಾದೋ ಸೊಲ್ಲಾಪುರವೋ ಯಾರಿಗೂ ಗೊತ್ತಿರಲಿಲ್ಲ. ಆ ಮಾತು ಹೇಳುವಾಗ ಕೈಯನ್ನೂ ಮೇಲೆತ್ತುತ್ತಿದ್ದ. ನೋಡಿದವರಿಗೆ ದೇವರೇ ಅವುಗಳನ್ನು ಇಳಿಸಿಕೊಟ್ಟಿದ್ದಾನೆ ಅನ್ನಿಸಬೇಕು.

ಎತ್ತರದ ಮನುಷ್ಯ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ದಿನವಿಡೀ ಪಂಜರಗಳ ಮಧ್ಯೆ ಓಡಾಡಿದರೂ ಆ ಅಂಗಿಯ ಮೇಲೆ ಒಂದು ಕೂದಲೂ ಕಾಣುತ್ತಿರಲಿಲ್ಲ. ಜನ ಅದನ್ನು ಶಿಸ್ತು ಎನ್ನುತ್ತಿದ್ದರು. ನಾನು ಬಹಳ ದಿನ ನೋಡಿದ ಮೇಲೆ ಅದರ ಕಾರಣ ತಿಳಿಯಿತು. ಆತ ಪ್ರಾಣಿಗಳನ್ನು ಮುಟ್ಟುತ್ತಿರಲಿಲ್ಲ. ಗಿರಾಕಿ ಬಂದಾಗ ಮಾತ್ರ ಒಂದು ಟವೆಲ್ ಹಾಸಿ ಮರಿಯನ್ನು ಅದರ ಮೇಲೆ ಎತ್ತಿ ಇಡುತ್ತಿದ್ದ. ಗಿರಾಕಿ ಹೋದ ಮೇಲೆ ಟವೆಲ್ಲನ್ನು ಝಾಡಿಸಿ ಮಡಚಿಡುತ್ತಿದ್ದ.

ಊರಿಗೆ ಮಾತ್ರ ಬೇಕಾದವನು. ಹಬ್ಬಕ್ಕೆ ಚಂದಾ ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬೀದಿ ನಾಯಿಗಳಿಗೆ ಬಿಸ್ಕೀಟು ಹಾಕುತ್ತಿದ್ದ. ಅದನ್ನು ಸುಳ್ಳು ಎನ್ನಲಾರೆ, ನಾನೇ ನೋಡಿದ್ದೇನೆ. ರಸ್ತೆಯಲ್ಲಿ, ಎಲ್ಲರೂ ನೋಡುವ ಹಾಗೆ ಹಾಕುತ್ತಿದ್ದ ಎಂಬುದನ್ನೂ ನೋಡಿದ್ದೇನೆ.

ನಮ್ಮ ಮನೆಗೆ ಆತನ ಪರಿಚಯವಾದದ್ದು ಅವ್ವನ ಮೂಲಕ. ನಾವು ಮಸ್ಕಿಯವರು. ಅವ್ವ ಅಲ್ಲಿಯೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಪ್ಪನಿಗೆ ಬ್ಯಾಂಕಿನ ಕೆಲಸ, ವರ್ಗವಾದಲ್ಲೆಲ್ಲ ಹೋಗುತ್ತಿದ್ದ. ನಾನು ಎಂ.ಎ.ಗೆಂದು ಕಲಬುರ್ಗಿಗೆ ಹೋದ ವರ್ಷ ಮನೆ ಬಿಕೋ ಎನ್ನುತ್ತದೆಂದು ಅವ್ವ ಸಿಂಧನೂರಿಗೆ ಹೋಗಿ ಒಂದು ನಾಯಿಮರಿ ತಂದಳು. ಆತ ಅವಳನ್ನು ಕುರ್ಚಿ ಹಾಕಿ ಕೂಡಿಸಿದನಂತೆ. ಶಿಕ್ಷಕಿ ಎಂದು ತಿಳಿದ ಕೂಡಲೇ “ಅಕ್ಕಾರ” ಎಂದನಂತೆ. ಮೊದಲ ಸಲ ಫೋನಿನಲ್ಲಿ ಹೇಳುವಾಗ ಅವ್ವ ಮರಿಯ ಬಣ್ಣ ಹೇಳಿದ್ದು ಆಮೇಲೆ, ಕುರ್ಚಿಯ ವಿಷಯ ಹೇಳಿದ್ದು ಮೊದಲು. ನಮ್ಮದು ಬೌದ್ಧರ ಮನೆ. ಅಜ್ಜ ಇದ್ದ ಕಾಲಕ್ಕೆ ನಾವು ಯಾವ ಕೇರಿಯವರೆಂದು ಊರಿಗೆ ಗೊತ್ತಿತ್ತು, ಈಗಲೂ ಗೊತ್ತು. ಕೂಡಿಸಿ ಮಾತಾಡಿಸಿದ ಅಂಗಡಿಗಳನ್ನು ಅವ್ವ ಮರೆಯುವವಳಲ್ಲ.

“ಈ ಮರಿ ನಿಮ್ಮನ್ನ ನೋಡಿ ಬಾಲ ಅಲ್ಲಾಡಸಾಕತ್ತೈತ್ರೀ ಅಕ್ಕಾರ. ಇನ್ನ ಬ್ಯಾರೆಯವರಿಗೆ ನಾ ಕೊಡಂಗಿಲ್ಲ,” ಎಂದು ಆತ ಹೇಳಿದ್ದನ್ನು ಅವ್ವ ಎಷ್ಟೋ ಸಲ ಹೇಳಿದಳು. ಇದೇ ಮಾತನ್ನು ಆತ ಬೇರೆಯವರಿಗೂ ಹೇಳುವುದನ್ನು ನಾನು ಮುಂದೆ ಕೇಳಿಸಿಕೊಂಡೆ. ಅವ್ವನಿಗೆ ತಿಳಿಸಲಿಲ್ಲ.

ಮರಿ ಬಂದು ವಾರವಾಗುವುದರೊಳಗೆ ವಾಂತಿ ಶುರುವಾಯಿತು, ಆಮೇಲೆ ರಕ್ತಭೇದಿ. ಹೆಸರಿಡುವ ಮೊದಲೇ ಸತ್ತಿತು. ಅವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಿಂಧನೂರಿಗೆ ಹೋದಳು. ಜಗಳಕ್ಕಲ್ಲ. ಏನಾಯಿತೆಂದು ತಿಳಿದವರನ್ನು ಕೇಳೋಣವೆಂದು. ಆತ ಕೂಡಿಸಿದ. ನೀರು ಕೊಟ್ಟ. ಕೇಳಿದ.

ಅವ್ವ ಹೇಳಿದಳು, “ರೊಟ್ಟಿ. ಹಾಲಾಗ ನೆನಸಿ, ಹಿಸುಕಿ.”

“ರೊಟ್ಟಿ!” ಆತ ಕಣ್ಣು ಮುಚ್ಚಿಕೊಂಡ. “ಇಷ್ಟ ಸಣ್ಣ ಕೂಸಿಗೆ ಜ್ವಾಳದ ರೊಟ್ಟೀನ್ರೀ ಅಕ್ಕಾರ? ಕರಳ ಹರಕೊಂಡು ಬಂದಿರತೈತಿ ನೋಡ್ರಿ. ನಿಮ್ಮಂಥಾ ಕಲ್ತವರು!” ನಂತರ ಅಂಗಡಿಯಲ್ಲಿದ್ದ ಇತರರ ಕಡೆ ತಿರುಗಿ, “ಅವರ ಕಸೂರೇನಿಲ್ಲ ಬಿಡ್ರಿ. ಪ್ರೀತಿಲೇ ಹಾಕ್ಯಾರ,” ಎಂದ.

ಮರಿಯನ್ನು ಕೊಂದವಳು ಎಂದೂ ಆತನೇ ತೀರ್ಪು ಕೊಟ್ಟ, ನಾಲ್ಕು ಜನರ ಮುಂದೆ ಆತನೇ ಕ್ಷಮಿಸಿದ. ಅವ್ವ ಕೈ ಮುಗಿದು ಬಂದಳು.

ನಮ್ಮ ಭಾಗದಲ್ಲಿ ನಾಯಿ ಎಂದರೆ ರೊಟ್ಟಿ ತಿನ್ನುವ ಪ್ರಾಣಿ. ಗುರುಗುಂಟಾದ ಕಡೆಯ ಕುರಿಗಾರರ ನಾಯಿಗಳು ರೊಟ್ಟಿ, ಮಜ್ಜಿಗೆ ಬಿಟ್ಟು ಬೇರೇನನ್ನೂ ಕಂಡಿಲ್ಲ. ತೋಳಕ್ಕೆ ಎದುರು ನಿಲ್ಲುತ್ತವೆ. ಇದು ಅವ್ವನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಅಂಗಡಿಯವನು ಕಣ್ಣು ಮುಚ್ಚಿಕೊಂಡ ರೀತಿ ಅವಳಿಗೆ ಗೊತ್ತಿದ್ದದ್ದನ್ನೆಲ್ಲ ಅಳಿಸಿತು. ಅವಳು ದಿನಾ ಬೆಳಿಗ್ಗೆ ಬುದ್ಧನ ಮುಂದೆ ನಿಂತು ಪಂಚಶೀಲ ಹೇಳುತ್ತಾಳೆ. ಮೊದಲ ಶೀಲವೇ ಪ್ರಾಣ ತೆಗೆಯುವುದಿಲ್ಲ ಎಂಬುದು. ರಜೆಗೆ ಊರಿಗೆ ಬಂದಾಗ ಗಮನಿಸಿದೆ: ಮೊದಲ ಶೀಲದ ಹತ್ತಿರ ಬಂದು ನಿಲ್ಲುತ್ತಿದ್ದಳು. ಅದನ್ನು ತಡೆದು ತಡೆದು ಹೇಳುತ್ತಿದ್ದಳು. ಉಳಿದ ನಾಲ್ಕನ್ನು ಸರಾಗವಾಗಿ ಹೇಳಿ ಮುಗಿಸುತ್ತಿದ್ದಳು.

ಮುಂದೆ ಶಾಲೆಯ ಬಿಸಿಯೂಟದ ಹತ್ತಿರ ಸುಳಿಯುತ್ತಿದ್ದ ಒಂದು ಬೀದಿ ಮರಿ ಅವಳ ಹಿಂದೆ ಮನೆಯವರೆಗೂ ಬಂತು. ಓಡಿಸಲು ಮನಸ್ಸು ಬರಲಿಲ್ಲ. ಮೋತ್ಯಾ ಎಂದು ಹೆಸರಿಟ್ಟಳು. ಮರುದಿನವೇ ಸಿಂಧನೂರಿಗೆ ಹೋಗಿ ಆತನ ಅಂಗಡಿಯಿಂದ ಆಹಾರದ ಚೀಲ ತಂದಳು. ಆವತ್ತಿನಿಂದ ಮೋತ್ಯಾನಿಗೆ ಅದೊಂದೇ. ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ಊಟವಾದ ಮೇಲೆ ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳನ್ನು ಕೈಯಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಓಣಿಯವರಿಗೆ ತಮಾಷೆ.

“ಅಕ್ಕಾರ ಮನಿ ನಾಯಿ ಕಲೆಕ್ಟರ್ ಸಾಹೇಬ್ರಿದ್ದಂಗ. ರೊಟ್ಟಿ ಕಂಡ್ರ ಮಾರಿ ತಿರುವ್ತೈತಿ,” ಎಂದು ಪಕ್ಕದ ಮನೆಯ ದೊಡ್ಡಮ್ಮ ನಗುತ್ತಿದ್ದಳು.

“ಅದರ ಹೊಟ್ಟಿಗೆ ಆಗಂಗಿಲ್ಲವ್ವಾ,” ಎನ್ನುತ್ತಿದ್ದಳು ಅವ್ವ. ನಗುತ್ತಿರಲಿಲ್ಲ.

ನನಗೆ ಸಿಂಧನೂರಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಚೀಲ ತರುವುದು ನನ್ನ ಪಾಲಿಗೆ ಬಂತು. ಅಲ್ಲಿಯ ಪಂಜರಗಳು ನನಗೆ ಮೊದಲ ದಿನವೇ ಹಿಡಿಸಲಿಲ್ಲ. ಆದರೆ ನಾನು ಪ್ರಾಣಿ ಕೊಳ್ಳುತ್ತಿಲ್ಲವಲ್ಲ, ಚೀಲವನ್ನಷ್ಟೇ ಕೊಳ್ಳುತ್ತಿದ್ದೇನೆ ಎಂದುಕೊಂಡೆ. ಅಲ್ಲಿಗೆ ಬರುತ್ತಿದ್ದ ಸಭ್ಯರೆಲ್ಲ ಹಾಗೇ ಅಂದುಕೊಂಡಿದ್ದರು ಎಂದು ಕಾಣುತ್ತದೆ. ನಾವೆಲ್ಲ ಅಂಗಡಿಯ ಮುಂಭಾಗದಲ್ಲೇ ನಿಂತು, ಹಿಂದಕ್ಕೆ ನೋಡದೆ, ಬೇಕಾದದ್ದು ತೆಗೆದುಕೊಂಡು ಹೊರಡುತ್ತಿದ್ದೆವು.

ಹಾಗೆ ನಿಂತಾಗಲೇ ಆತ ತನ್ನ ಪ್ರಶ್ನೆಯನ್ನು ಬೇರೆಯವರಿಗೂ ಹಾಕುವುದನ್ನು ನಾನು ಕೇಳಿಸಿಕೊಂಡದ್ದು. ಒಮ್ಮೆ ಜವಳಗೇರಾದ ಟ್ರ್ಯಾಕ್ಟರ್ ಚಾಲಕನೊಬ್ಬ ಸಿಮೆಂಟಿನ ಚೀಲದಲ್ಲಿ ಮರಿ ತಂದಿದ್ದ. ಅನ್ನ, ಮಜ್ಜಿಗೆ ಹಾಕಿದ್ದೆ ಎಂದ.

“ಅನ್ನ!” ಎಂದು ಆತ ಕಣ್ಣು ಮುಚ್ಚಿಕೊಂಡ. “ಗದ್ದಿ ಕಡೆಯವ್ರು ನೀವು, ಅನ್ನ ಬಿಟ್ರ ಬ್ಯಾರೆ ಗೊತ್ತಿಲ್ಲ. ನಾಯಿ ಏನ್ ಅನ್ನ ತಿನ್ನೋ ಪ್ರಾಣಿಯೇನೋ ತಮ್ಮಾ?”

ಇನ್ನೊಮ್ಮೆ ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪಿನ ಹೆಂಗಸೊಬ್ಬಳು, ಮೊಟ್ಟೆ ಕೊಟ್ಟವಳು. ಮೊಟ್ಟೆ ಉಷ್ಣ ಎಂದ. ಹಾಲು ಕೊಟ್ಟವರಿಗೆ ಹಾಲು ಕಫ ಎಂದ. ಕೊನೆಗೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಅವರು ಆತನ ಅಂಗಡಿಯ ಆಹಾರವನ್ನು ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ. ಈಗೇನು ಹೇಳುತ್ತಾನೆ ಎಂದು ನಾನು ಬೆಲ್ಟುಗಳನ್ನು ನೋಡುವ ನೆಪದಲ್ಲಿ ನಿಂತೆ. ಆತ ಸ್ವಲ್ಪವೂ ತಡವರಿಸಲಿಲ್ಲ.

“ನೀರು ಯಾವ್ದು ಕೊಟ್ರಿ? ಕಾಲುವಿದೋ, ಬೋರಿಂದೋ?”

“ಫಿಲ್ಟರ್ ನೀರ್ರೀ,” ಎಂದಳು ಹುಡುಗಿ.

“ಅದ ನೋಡ್ರಿ!” ಎಂದ ಆತ. “ಫಿಲ್ಟರ್ ನೀರಾಗ ಸತ್ವಾನ ಇರಂಗಿಲ್ಲ.”

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಿಲ್ಟರ್ ಹಾಕಿಸಿದ್ದು ಯಾರ ಹಟ ಎಂಬ ಮಾತು ಅವರ ನಡುವೆ ಅಲ್ಲಿಯೇ ಶುರುವಾಯಿತು. ಅವರು ಹೋಗುವಾಗ ಇನ್ನೊಂದು ಮರಿ ಒಯ್ದರು, ಜೊತೆಗೆ ಸತ್ವದ ಹನಿಗಳ ಒಂದು ಬಾಟಲಿ.

ಮೋತ್ಯಾನಿಗೆ ಲಸಿಕೆ ಹಾಕಿಸಲು ಲಿಂಗಸುಗೂರಿನ ಪಶುವೈದ್ಯರಲ್ಲಿಗೆ ಕರೆದೊಯ್ದಾಗ ಅವ್ವನ ಎದುರಿಗೇ ಆ ಹಳೆಯ ಮರಿಯ ವಿಷಯ ಕೇಳಿದೆ. ವಾಂತಿ, ರಕ್ತಭೇದಿ ಎಂದ ಕೂಡಲೇ ವೈದ್ಯರು ರೋಗದ ಹೆಸರು ಹೇಳಿದರು. ತಾಯಿಯ ಹಾಲು ಬಿಡಿಸುವ ಮೊದಲೇ ತರುತ್ತಾರೆ, ಲಸಿಕೆ ಹಾಕಿಸಿರುವುದಿಲ್ಲ, ಒಂದೇ ಪಂಜರದಲ್ಲಿ ಒಂದರಿಂದ ಒಂದಕ್ಕೆ ಹತ್ತುತ್ತದೆ. ಕೊಳ್ಳುವವರ ಕೈಗೆ ಬರುವಾಗಲೇ ಹೊಟ್ಟೆಯಲ್ಲಿರುತ್ತದೆ ಎಂದರು. “ರೊಟ್ಟಿಗೂ ಅದಕ್ಕೂ ಏನೂ ಸಂಬಂಧ ಇಲ್ಲ ಬಿಡ್ರಿ,” ಎಂದು ನಕ್ಕರು.

ಬಸ್ಸಿನಲ್ಲಿ ನಾನು ಅವ್ವನ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಡಾಕ್ಟರು ಆ ಮರೀನ ನೋಡಿಲ್ಲ,” ಎಂದಳು ಕೊನೆಗೆ. “ಅಂಗಡಿಯವ್ರು ನೋಡ್ಯಾರ. ಚೀಲ ಬಿಚ್ಚಿ ನೋಡೇ ಹೇಳ್ಯಾರ.”

“ಅವ್ವಾ, ಅವರು ಎಲ್ಲಾರಿಗೂ ಹಂಗ ಹೇಳ್ತಾರ. ನಾ ಕಿವಿಲೇ ಕೇಳೀನಿ.”

“ಎಲ್ಲಾರೂ ತಪ್ಪ ಮಾಡ್ಯಾರ, ಅದಕ್ಕ ಹೇಳ್ಯಾರ.”

ಆಗ ನನಗೆ ಅರ್ಥವಾಯಿತು. ವೈದ್ಯರು ಹೇಳಿದರೂ, ಪುಸ್ತಕ ತೆರೆದು ತೋರಿಸಿದರೂ ಪ್ರಯೋಜನವಿಲ್ಲ. ಅಪರಾಧ ಹೊರಿಸಿದವನೇ ಇಳಿಸಬೇಕು. ಆತನ ಬಾಯಿಯಿಂದ ಒಂದು ಮಾತು ಬಂದರೆ ಬೆಳಗಿನ ಹೊತ್ತು ಬುದ್ಧನ ಮುಂದೆ ಅವ್ವನ ಮಾತು ಮೊದಲ ಶೀಲಕ್ಕೆ ಬಂದು ನಿಲ್ಲುವುದಿಲ್ಲ. ನಾನು ಯಾರನ್ನೂ ಏನನ್ನೂ ಬೇಡಿದವಳಲ್ಲ, ಆದರೂ ಹೋದೆ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆತ ಮೀನಿನ ಪೆಟ್ಟಿಗೆಯ ಗಾಜು ಒರೆಸುತ್ತಿದ್ದ. ವೈದ್ಯರು ಹೇಳಿದ್ದನ್ನು ಹೇಳಿದೆ. ಮರಿ ರೊಟ್ಟಿಯಿಂದ ಸಾಯಲಿಲ್ಲ ಎಂದು ಅವ್ವನಿಗೆ ಒಂದು ಮಾತು ಹೇಳಬೇಕು, ನನ್ನದು ಇಷ್ಟೇ ಕೇಳಿಕೆ ಎಂದೆ. ಹಾಗೆಯೇ, ಚೀಲ ಮಾರಿಯೇ ನಿಮ್ಮ ವ್ಯಾಪಾರ ಚೆನ್ನಾಗಿ ನಡೆಯುತ್ತದಲ್ಲ, ಪ್ರಾಣಿಗಳನ್ನು ಮಾರುವುದು ಯಾಕೆ ಎಂದೂ ಕೇಳಿದೆ.

ಆತ ಸಿಟ್ಟಾಗಲಿಲ್ಲ. ನಕ್ಕ.

“ಮೇಡಂ, ನೀವು ಮಸ್ಕಿಯವ್ರು. ನಿಮ್ಮೂರಾಗ ಅಶೋಕಂದು ಕಲ್ಲು ಐತಿ. ಅದರಾಗೇನ ಬರದಾರೇನ್ರೀ, ನಾಯಿಮರಿ ಮಾರಬ್ಯಾಡ ಅಂತ?”

“ಇಲ್ಲ,” ಎಂದೆ. ನಮ್ಮೂರಿನ ಶಾಸನದಲ್ಲಿ ಅಂಥ ಮಾತಿಲ್ಲ. ಧರ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸಿಗುತ್ತದೆ ಎಂದಿದೆ. ಅದನ್ನು ಆತನಿಗೆ ಹೇಳಬೇಕೆನ್ನಿಸಲಿಲ್ಲ.

“ಮತ್ತ? ಸುಮ್ನ ಖಾಲಿಪೀಲಿ ನನಗ ಧರ್ಮ ಹೇಳಾಕ ಬಂದೀರಿ.” ಬಟ್ಟೆಯನ್ನು ಹಿಂಡಿದ. “ಖರೆ ಹೇಳ್ಲೇನು? ಪಂಜರದಾಗಿನ ಮಾಲಿನ ಮ್ಯಾಲ ನನಗ ಏನೂ ಉಳಿಯಂಗಿಲ್ಲ. ಅರ್ಧ ಸಾಯ್ತಾವ. ಮರಿ ಒಮ್ಮೆ ಮಾರೋದ್ರೀ ಮೇಡಂ, ಚೀಲ ತಿಂಗಳಾ ಮಾರೋದು. ಮರಿ ಯಾಕ್ ಇಟ್ಟೀನಿ? ಮರಿ ಒಯ್ದವ್ರು ಚೀಲಕ್ಕ ಬರ್ತಾರ ಅಂತ. ಮರಿ ಸತ್ತವ್ರಂತೂ ನನ್ನ ಚೀಲ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ. ಅಕ್ಕಾರನ್ನ ನೋಡ್ರಿ! ಅಂಥಾ ಗಿರಾಕಿ ನನಗ ಇನ್ನೊಬ್ರಿಲ್ಲ.”

ಆತ ಬಟ್ಟೆಯನ್ನು ಗಾಜಿನ ಪೆಟ್ಟಿಗೆಯ ಮೇಲೆ ಹರವಿದ.

“ನಿಮ್ಮಂಥವ್ರು ಒಳ್ಳೇ ಮಂದಿ. ಪ್ರಾಣಿ ಕೊಳ್ಳಂಗಿಲ್ಲ, ಬರೇ ಚೀಲ ಒಯ್ತೀರಿ. ನೀವು ಇರೋದಕ್ಕನ ಈ ಪಂಜರ ನಿಂತಾವ. ಚಾ ತಗೋತೀರೇನು?”

ಒಬ್ಬ ಮನುಷ್ಯ ತನ್ನ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ತಿಳಿದುಕೊಂಡಿರುವುದನ್ನು ನಾನು ಬೇರೆ ಕಡೆ ಕಂಡಿಲ್ಲ. ಗೊತ್ತಿಲ್ಲದೆ ಮಾಡುತ್ತಾನೆ ಎಂದು ಅಲ್ಲಿಯವರೆಗೂ ಒಂದು ಸಣ್ಣ ಸಂಶಯದ ಲಾಭ ಕೊಟ್ಟಿದ್ದೆ. ಅದನ್ನೂ ಆತನೇ ಬೇಡವೆಂದ ಹಾಗಾಯಿತು. ಆ ದಿನ ಖಾಲಿ ಕೈಯಲ್ಲಿ ಹೊರಬಂದೆ.

ಲಿಂಗಸುಗೂರಿನಲ್ಲಿ ಒಂದು ದನದ ಮೇವಿನ ಅಂಗಡಿಯಿದೆ. ಹಿಂಡಿ, ಬೂಸಾ, ಹಗ್ಗ, ಗಂಟೆ ಮಾರುತ್ತಾರೆ. ಜೀವ ಇರುವ ಯಾವುದನ್ನೂ ಮಾರುವುದಿಲ್ಲ. ಅಲ್ಲಿ ಅದೇ ಕಂಪನಿಯ ಅದೇ ಚೀಲವನ್ನು ತರಿಸಿಕೊಡಲು ಒಪ್ಪಿದರು. ನನಗೆ ಅದು ಎದುರು ದಿಕ್ಕಿನ ಪ್ರಯಾಣ. ಭಾನುವಾರ ಹೋಗಿ ತಂದೆ. ಅವ್ವ ಚೀಲದ ಮೇಲಿನ ಚಿತ್ರ ನೋಡಿದಳು, ಒಂದು ಹಿಡಿ ತೆಗೆದು ಮೂಸಿದಳು.

“ಇದು ಅವರ ಅಂಗಡೀದಲ್ಲ.”

“ಅಲ್ಲ. ಲಿಂಗಸುಗೂರಿಂದು. ಒಂದೇ ಮಾಲು ಅವ್ವಾ.”

“ಅವರ ಹತ್ರ ಯಾಕ್ ತರ್ಲಿಲ್ಲ?”

ಆತ ಹೇಳಿದ್ದನ್ನೆಲ್ಲ ಹೇಳಿದೆ, ಒಂದು ಶಬ್ದ ಬಿಡದೆ. ಅವ್ವ ಕೇಳಿದಳು. “ನೀ ಏನರೆ ಅಂದಿರ್ತಿ, ಸಿಟ್ಟಿಲೇ ಅಂದಾರ,” ಎಂದಳು. ಮೋತ್ಯಾನಿಗೆ ಆ ಚೀಲದ ಒಂದು ಕಾಳನ್ನೂ ಹಾಕಲಿಲ್ಲ. ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ, ತಾನೇ ಸಿಂಧನೂರಿನ ಬಸ್ಸು ಹತ್ತಿದಳು.

ಆ ವರ್ಷವೆಲ್ಲ ಹಾಗೇ ನಡೆಯಿತು. ನಾನು ಆ ಅಂಗಡಿಯ ಎದುರಿಗೇ ದಿನಾ ಬಸ್ಸಿನಿಂದ ಇಳಿಯುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಅವ್ವ ಅರ್ಧ ದಿನ ರಜೆ ಹಾಕಿ ಬರುತ್ತಿದ್ದಳು, ಹೋಗುತ್ತಿದ್ದಳು. ಈ ವಿಷಯದಲ್ಲಿ ಅವ್ವ ಮಗಳಿಗ್ಯಾಕೆ ಮಾತಿಲ್ಲ ಎಂದು ಅಪ್ಪ ಫೋನಿನಲ್ಲಿ ಕೇಳುತ್ತಿದ್ದ. ಆ ಅಂಗಡಿಯವನು ನನ್ನನ್ನು ರಸ್ತೆಯಲ್ಲಿ ಕಂಡರೆ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದ. ನಾನೂ ಮಾಡುತ್ತಿದ್ದೆ.

ಆಮೇಲೆ ಆತನಿಗೆ ಸಕ್ಕರೆ ಕಾಯಿಲೆ ಏರಿ ಕಾಲಿನ ಗಾಯ ಮಾಯದೆ ಮಲಗಿದ. ಅಂಗಡಿಯನ್ನು ಮಗ ನೋಡಿಕೊಳ್ಳತೊಡಗಿದ. ಅವ್ವ ಮಾತಾಡಿಸಿಕೊಂಡು ಬರಬೇಕು ಎಂದಳು. ಅವಳೊಬ್ಬಳೇ ಹೋಗುವುದು ಬೇಡವೆಂದು ನಾನೂ ಹೋದೆ. ಮೋಸಂಬಿ ಒಯ್ದೆವು.

ಮನೆ ಅಂಗಡಿಯ ಹಿಂದಿನ ಓಣಿಯಲ್ಲಿ. ಆತ ಪಡಸಾಲೆಯಲ್ಲಿ ಮಂಚದ ಮೇಲಿದ್ದ. ಮನೆಯಲ್ಲೂ ಬಿಳಿ ಅಂಗಿ. “ಬರ್ರಿ ಅಕ್ಕಾರ, ಬರ್ರಿ,” ಎಂದು ಏಳಲು ಹೋದ. ಅವ್ವ ಬೇಡವೆಂದು ಕೈ ಮಾಡಿದಳು. ಪಡಸಾಲೆಯಿಂದ ಅಂಗಳ ಕಾಣುತ್ತಿತ್ತು. ಅಂಗಳದಲ್ಲಿ ಆತನ ಹೆಂಡತಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಅಲ್ಯುಮಿನಿಯಂ ಬೋಗುಣಿಯಲ್ಲಿ ಏನನ್ನೋ ಹಿಸುಕುತ್ತಿದ್ದಳು. ಅವಳ ಎದುರಿಗೆ ಒಂದು ಕಂದು ನಾಯಿ. ಮೂತಿಯ ಕೂದಲು ಬೆಳ್ಳಗಾಗಿದೆ, ಹೊಟ್ಟೆ ತುಂಬಿ ಇಳಿಬಿದ್ದಿದೆ, ವಯಸ್ಸಾದ ನಾಯಿ. ಬಾಲವನ್ನು ನೆಲಕ್ಕೆ ಬಡಿಯುತ್ತ ಕಾಯುತ್ತಿತ್ತು.

ಆಕೆ ಹಾಲಿನಲ್ಲಿ ರೊಟ್ಟಿ ಹಿಸುಕುತ್ತಿದ್ದಳು.

ಅವ್ವ ಕೂತವಳು ಎದ್ದು ನಿಂತಳು. “ಅಯ್ಯ, ರೊಟ್ಟಿ ಹಾಕಾಕತ್ತೀರಲ್ರೀ!”

ಆಕೆ ತಲೆ ಎತ್ತಿ ನೋಡಿದಳು. “ಮತ್ತೇನ್ ಹಾಕ್ಲೆವ್ವಾ? ಅಂಗಡಿ ಚೀಲದ್ದು ಮೂಸಂಗೂ ಇಲ್ಲ ಇದು, ಭಾರೀ ಸೊಕ್ಕು. ಕಣ್ ಬಿಟ್ಟಾಗಿಂದ ಇದಕ್ಕ ರೊಟ್ಟಿ ಹಾಲ. ಇವ್ರ ಹೇಳ್ಯಾರ ನನಗ, ನಾಯಿಗೆ ರೊಟ್ಟಿಯಷ್ಟು ಚಲೋದು ಯಾವ್ದೂ ಇಲ್ಲ, ಸುಮ್ನ ಚೀಲ ಒಡೀಬ್ಯಾಡ ಅಂತ.” ಬೋಗುಣಿಯನ್ನು ನಾಯಿಯ ಮುಂದೆ ತಳ್ಳಿದಳು. “ತಿನ್ನ ಮುದುಕಾ, ಅಕ್ಕಾರ ನೋಡಾಕತ್ತಾರ.”

ನಾಯಿ ತಿನ್ನತೊಡಗಿತು. ಅವ್ವ ಕದಲದೆ ನಿಂತು ನೋಡಿದಳು. ಬೋಗುಣಿಯ ಒಳಗೆ ಅಂಟಿದ್ದನ್ನು ನೆಕ್ಕುವವರೆಗೂ ನೋಡಿದಳು. ನಂತರ ಮಂಚದ ಕಡೆ ತಿರುಗಿದಳು.

“ಅದರ ಹೊಟ್ಟಿ ಬ್ಯಾರೆ ಐತ್ರೀ ಅಕ್ಕಾರ,” ಎಂದ ಆತ.

“ನನ್ನ ಮರೀದು?”

ಆತ ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡ. ಹೇಳಿಬಿಡುತ್ತಾನೆ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮಲಗಿದ ಮನುಷ್ಯ, ಎದುರಿಗೆ ಕೈಯಲ್ಲಿ ಹಣ್ಣು ಹಿಡಿದ ಹೆಂಗಸು. ಒಂದು ಮಾತು.

“ಆರಾಮಿಲ್ಲ ನನಗ. ಈಗ ಅದನ್ನೆಲ್ಲಾ ಯಾಕ ಕೆದಕ್ತೀರಿ,” ಎಂದ. ಸ್ವಲ್ಪ ಬಿಟ್ಟು, “ಚೀಲ ಬೇಕಿದ್ರ ಮಗನಿಗೆ ಹೇಳ್ತೀನಿ, ಮಸ್ಕಿ ಬಸ್ಸಿಗೆ ಹಾಕ್ತಾನ. ನೀವು ಬರೋ ತ್ರಾಸು ಬ್ಯಾಡ,” ಎಂದೂ ಸೇರಿಸಿದ.

ಅವ್ವ ಮೋಸಂಬಿಯನ್ನು ಕಿಟಕಿಯಲ್ಲಿಟ್ಟಳು. ಆತನ ಹೆಂಡತಿ ಚಹಾಕ್ಕೆ ನೀರಿಡಲು ಎದ್ದಾಗ “ಬ್ಯಾಡವ್ವಾ, ಬಸ್ಸಿಗೆ ಹೊತ್ತಾತು” ಎಂದಳು. ಅಂಗಳ ದಾಟುವಾಗ ಆ ನಾಯಿಯ ತಲೆಯ ಮೇಲೆ ಕೈ ಇಟ್ಟು, “ನಾಯಿ ಚಲೋ ಸಾಕೀರಿ,” ಎಂದು ಆಕೆಗೆ ಹೇಳಿದಳು.

ಬಸ್ಸು ಗೊರೇಬಾಳ ದಾಟಿತು. ಆಮೇಲೆ, ನನಗೆ ಎನ್ನುವುದಕ್ಕಿಂತ ಎದುರಿನ ಸೀಟಿಗೆ ಹೇಳುವವಳಂತೆ, “ಕುರ್ಚಿ ಹಾಕಿ ಕೂಡಿಸಿದ್ರು,” ಎಂದಳು. ಅಷ್ಟೇ. ಅಳಲಿಲ್ಲ. ಅವ್ವನಿಗೆ ಸಿಟ್ಟು ಬಂದಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಆ ಸಂಜೆ ಅಡುಗೆಮನೆಯ ಬಾಗಿಲು ತೆರೆದಿಟ್ಟು ರೊಟ್ಟಿ ಬಡಿದಳು. ಒಂದನ್ನು ಹಾಲಿನಲ್ಲಿ ನೆನೆಸಿ ಮೋತ್ಯಾನ ಮುಂದಿಟ್ಟಳು. ಅವನು ಮೂಸಿದ, ಅವಳ ಮುಖ ನೋಡಿದ, ತನ್ನ ಖಾಲಿ ತಟ್ಟೆಯ ಹತ್ತಿರ ಹೋಗಿ ಕೂತ. ಮನೆಗೆ ಬಂದಾಗಿನಿಂದ ರೊಟ್ಟಿಯ ರುಚಿ ನೋಡದ ನಾಯಿಗೆ ಅದು ತಿನ್ನುವ ವಸ್ತುವೆಂದು ತಿಳಿಯುವುದಾದರೂ ಹೇಗೆ? ಅವ್ವ ಮೂಲೆಯಲ್ಲಿ ಕಟ್ಟಿಟ್ಟಿದ್ದ ಲಿಂಗಸುಗೂರಿನ ಚೀಲ ಬಿಚ್ಚಿದಳು. ದಿನಾ ಅದರಲ್ಲಿ ಚೂರೇ ಚೂರು ರೊಟ್ಟಿ ಬೆರೆಸಿ ರೂಢಿ ಮಾಡಿಸುತ್ತೇನೆ ಎಂದಳು. ಮರುದಿನ ಬೆಳಿಗ್ಗೆ ಅವಳು ಬುದ್ಧನ ಮುಂದೆ ನಿಂತಾಗ ನಾನು ಹೊರಗೆ ಹೋದೆ. ಅದು ಅವಳ ವಿಷಯ, ಕದ್ದು ಕೇಳುವಂಥದ್ದಲ್ಲ.

ಆತ ಸತ್ತ ಸುದ್ದಿ ತಿಳಿದದ್ದು ಕಾಲೇಜಿನಲ್ಲಿ. ಆಗಲೇ ಮಣ್ಣು ಆಗಿ ಎರಡನೆಯ ದಿನ. ಸಂಜೆ ಬಸ್ಸಿಗೆ ಬಂದಾಗ ಅಂಗಡಿಯ ಶಟರ್ ಇಳಿದಿತ್ತು. ಅದರ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಬಿಳಿ ಅಂಗಿಯಲ್ಲಿ ಆತ, ಎದೆಗೊತ್ತಿಕೊಂಡ ನಾಯಿಮರಿ, ಕೆಳಗೆ ‘ಮೂಕಪ್ರಾಣಿಗಳ ಬಂಧು’ ಎಂದು. ಅವ್ವನಿಗೆ ಫೋನ್ ಮಾಡಿದೆ. ಯಾರು ಸತ್ತರೂ ‘ಪಾಪ’ ಎನ್ನುವವಳು ಈ ಸಲ ಅನ್ನಲಿಲ್ಲ.

“ಅಂಗಡಿ ಮುಚ್ಯಾರೇನು?” ಎಂದು ಕೇಳಿದಳು.

“ಮುಚ್ಯಾರ. ಫ್ಲೆಕ್ಸ್ ಕಟ್ಯಾರ.”

“ಒಳಗಿನವಕ್ಕ ನೀರು ಯಾರ್ ಇಡಾಕತ್ತಾರ?”

ನಾನು ಶಟರ್ ಹತ್ತಿರ ಹೋಗಿ ಕಿವಿಗೊಟ್ಟೆ. ರಸ್ತೆಯ ಗದ್ದಲದಲ್ಲಿ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಫಲಕದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಮಗ ಎತ್ತಿದ.

“ಕಾರ್ಯ ಮುಗಿಯೋತನಕ ಅಂಗಡಿ ತೆಗಿಯಂಗಿಲ್ರೀ ಮೇಡಂ. ಅರ್ಜೆಂಟ್ ಚೀಲ ಬೇಕಿದ್ರ…”

“ಚೀಲ ಬ್ಯಾಡ. ಒಳಗ ಪ್ರಾಣಿ ಅದಾವ. ನೀರಿಲ್ಲ.”

ಆ ಕಡೆ ಮಾತು ನಿಂತಿತು. ಆ ಮನೆಯಲ್ಲಿ ಅಷ್ಟು ಜನ ಸೇರಿದ್ದರೂ ಯಾರಿಗೂ ನೆನಪಾಗಿರಲಿಲ್ಲವೆಂದು ಆ ಮೌನದಲ್ಲೇ ತಿಳಿಯಿತು. “ಬೀಗರು ಬಂದಾರ್ರೀ… ಜರಾ ನೋಡ್ತೀನಿ,” ಎಂದು ಇಟ್ಟ. ಅವ್ವನಿಗೆ ಹೇಳಿದೆ.

“ಶಟರ್ ತೆಗಿಯೋತನಾ ಅಲ್ಲಿಂದ ಕದಲಬ್ಯಾಡ ನೀ,” ಎಂದಳು.

ಮಸ್ಕಿಯ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ನಾನು ಫ್ಲೆಕ್ಸಿನ ಮುಂದೆ ಕೈಕಟ್ಟಿ ನಿಂತೇ ಇದ್ದೆ. ನನಗೆ ರಸ್ತೆಯಲ್ಲಿ ನಿಂತು ಜನರ ಕಣ್ಣಿಗೆ ಬೀಳುವುದೆಂದರೆ ಆಗುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಯಜಮಾನರು ಒಳಗಿನಿಂದ ನೋಡಿ ನೋಡಿ, ಕೊನೆಗೆ ಹೊರಗೆ ಬಂದರು.

“ಎಷ್ಟು ಹಚ್ಚಿಕೊಂಡಿದ್ರಿ ಮೇಡಂ ಅವರನ್ನ,” ಎಂದರು. ಅವರ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು. “ರಕ್ತಸಂಬಂಧದವ್ರೂ ಹಿಂಗ ನಿಂದ್ರಂಗಿಲ್ಲ.”

ನಾನು ಉತ್ತರ ಕೊಡುವ ಮೊದಲೇ ಮಗ ಬೈಕಿನಲ್ಲಿ ಬಂದ. ಫ್ಲೆಕ್ಸಿನ ಹಗ್ಗ ಬಿಚ್ಚದೆ ಶಟರ್ ಎತ್ತಲು ಆಗುತ್ತಿರಲಿಲ್ಲ. ಬಿಚ್ಚಿ ಸುತ್ತಿ ಗೋಡೆಗೆ ಒರಗಿಸಿದ. ಶಟರ್ ಎತ್ತಿದಾಗ ಬಂದ ವಾಸನೆಗೆ ಕಿರಾಣಿಯವರು ಮೂಗಿಗೆ ಟವೆಲ್ ಹಿಡಿದರು. ಹಿಂದಿನ ಸಾಲಿನಲ್ಲಿ ಕೆಲವು ಪಂಜರಗಳು ಅಲುಗಾಡಲಿಲ್ಲ. ಕೆಲವು ಅಲುಗಾಡಿದವು. ಎದುರಿನ ಚಹಾದ ಹೋಟೆಲಿನಿಂದ ಒಂದು ಬಕೆಟ್ ನೀರು ತಂದು ನಾನು ಬಟ್ಟಲುಗಳಿಗೆ ಹಾಕುತ್ತಾ ಹೋದೆ. ಮರಿಗಳು ಬಟ್ಟಲಿನೊಳಗೇ ಕಾಲಿಟ್ಟು ಕುಡಿದವು.

ಕಿರಾಣಿಯವರು ಬಾಗಿಲಲ್ಲಿ ನಿಂತೇ ಇದ್ದರು.

“ವ್ಯಾಪಾರಸ್ಥರ ಸಂಘದಿಂದ ಅವರ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡಾಕತ್ತೀವ್ರೀ ಮೇಡಂ,” ಎಂದರು. “ನೀವು ಕಲ್ತವರು, ಅವರನ್ನ ಹತ್ತಿರದಿಂದ ನೋಡೀರಿ. ಪ್ರಾಣಿಗಳ ಜೋಡಿ ಅವರು ಹೆಂಗ ಇದ್ರು ಅಂತ, ನೀವು ಕಂಡದ್ದು ಕಂಡಂಗ, ಬರದುಕೊಡ್ತೀರೇನು?”

“ಬರೀತೀನಿ,” ಎಂದೆ. ಬಕೆಟ್ ಖಾಲಿಯಾಗಿತ್ತು. ಇನ್ನೊಂದು ಬಕೆಟ್ ನೀರು ತರಲು ರಸ್ತೆ ದಾಟಿದೆ.